ಕಪ್ಪೆಯ ದನಿ ಬದಲಾದ ಮೇಲೆ



ಇವತ್ತು ಒಂದು ಗೊಂಬೆ ಚಿತ್ರದ ಬಗ್ಗೆ ಮಾತಾಡಲು ಬಂದಿದ್ದೇನೆ. ಅದರ ಹೆಸರು ‘ಮಪೆಟ್ ಟ್ರೆಷರ್ ಐಲೆಂಡ್’. 1996ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ತೆರೆ ಕಂಡಿತು. ಆಗ ನಾವು ನ್ಯೂಜೆರ್ಸಿಯಲ್ಲಿದ್ದೆವು. ಎಂಟು ವರ್ಷದ ಮಗನ ಕೈ ಹಿಡಿದುಕೊಂಡು ಮೊದಲ ವಾರದಲ್ಲೇ ಹೋಗಿ ನೋಡಿದೆ. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಮುಗಿದ ಮೇಲೆ ಪ್ರತಿ ಸಲವೂ ಒಂದು ಕೊರತೆ ಮನಸ್ಸಿನಲ್ಲಿ ಉಳಿಯುತ್ತದೆ. ಊಟ ರುಚಿಯಾಗಿತ್ತು, ಆದರೆ ಬಡಿಸಬೇಕಾದ ಮನೆಯೊಡತಿ ಮಾತ್ರ ಎಲ್ಲೂ ಕಾಣಿಸಲಿಲ್ಲ ಎಂದರೆ ಹೇಗಾಗುತ್ತದೆ, ಹಾಗೆ.

ಆ ಕೊರತೆ ಎಂಥದ್ದು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ 1977ರ ಚಳಿಗಾಲದಲ್ಲಿ ನ್ಯೂಜೆರ್ಸಿಗೆ ಹೋದೆ. ಹಿಮ ನೋಡಿದ್ದೇ ಮೊದಲು. ಪುಸ್ತಕದ ಇಂಗ್ಲಿಷ್ ಬರುತ್ತಿತ್ತು, ಅಂಗಡಿಯವನ ಇಂಗ್ಲಿಷ್ ಕಿವಿಗೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಟ ಇವರು ರಾತ್ರಿಯೇ ಬರುತ್ತಿದ್ದುದು. ಆ ಒಂಟಿ ಸಂಜೆಗಳಲ್ಲಿ ವಾರಕ್ಕೊಮ್ಮೆ ಟೀವಿಯಲ್ಲಿ ‘ದಿ ಮಪೆಟ್ ಶೋ’ ಬರುತ್ತಿತ್ತು. ಒಂದು ಹಳೆಯ ನಾಟಕಮಂದಿರ. ಅದನ್ನು ನಡೆಸುವವನು ಕರ್ಮಿಟ್ ಎಂಬ ಹಸಿರು ಕಪ್ಪೆ. ಅವನ ಸುತ್ತ ಪ್ರೀತಿಗೂ ಜಗಳಕ್ಕೂ ಸದಾ ಸಿದ್ಧಳಾದ ಮಿಸ್ ಪಿಗ್ಗಿ, ನಗೆಹನಿ ಹೇಳಿ ಸೋಲುವ ಕರಡಿ ಫಾಜಿ, ಯಾವ ಪ್ರಾಣಿಯೆಂದು ಯಾರಿಗೂ ಗೊತ್ತಿಲ್ಲದ ಉದ್ದ ಮೂಗಿನ ಗೊಂಜೊ. ಮೇಲಿನ ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್ ಮತ್ತು ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು, ಎಲ್ಲದರಲ್ಲೂ ಹುಳುಕು ಹುಡುಕುವವರು.

ನನಗೆ ಕರ್ಮಿಟ್ ಪರಕೀಯ ಅನ್ನಿಸಲೇ ಇಲ್ಲ. ಅವನನ್ನು ಊರಿನಲ್ಲಿ ನೋಡಿದ್ದೆ. ವೇಷಧಾರಿ ಬಂದಿಲ್ಲ, ಗ್ಯಾಸ್‌ಲೈಟ್ ಕೆಟ್ಟಿದೆ, ಜನ ಆಗಲೇ ಗದ್ದೆ ತುಂಬಾ ಕೂತಿದ್ದಾರೆ, ಆದರೂ ಹೇಗೋ ಬೆಳಗಿನ ತನಕ ಆಟ ನಡೆಸಿಬಿಡುವ ಯಕ್ಷಗಾನ ಮೇಳದ ಯಜಮಾನರಿರುತ್ತಾರಲ್ಲ, ಥೇಟ್ ಹಾಗೆ. ಆ ಶೋ ಒಟ್ಟು ಐದು ಸರಣಿ, 120 ಕಂತು. ಅಮೆರಿಕದ ದೊಡ್ಡ ಟೀವಿ ಸಂಸ್ಥೆಗಳು ಒಪ್ಪದೆ ಹೋದಾಗ ಬ್ರಿಟನ್ನಿನ ಲ್ಯೂ ಗ್ರೇಡ್ ಅವಕಾಶ ಕೊಟ್ಟರು. ಹಾಗಾಗಿ ಅದೆಲ್ಲ ತಯಾರಾದದ್ದು ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ. ನನ್ನ ಇಂಗ್ಲಿಷಿಗೆ ಧೈರ್ಯ ಬಂದದ್ದು ಆ ಕಪ್ಪೆಯ ಮಾತು ಕೇಳಿ ಕೇಳಿ.

ಕಪ್ಪೆಯ ಒಳಗಿದ್ದ ಕೈ ಜಿಮ್ ಹೆನ್ಸನ್ ಅವರದು. ಮಿಸಿಸಿಪಿಯಲ್ಲಿ 1936ರಲ್ಲಿ ಹುಟ್ಟಿದವರು. 1955ರಲ್ಲಿ ಅಮ್ಮ ತೊಟ್ಟು ಬಿಟ್ಟ ಹಳೆಯ ಕೋಟಿನ ಬಟ್ಟೆಯಿಂದ ಮೈ ಹೊಲಿದು, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಟ್ಟು ಮೊದಲ ಕರ್ಮಿಟನನ್ನು ಮಾಡಿದರು. ಬಲಗೈ ಗೊಂಬೆಯ ತಲೆಯೊಳಗೆ. ನಾಲ್ಕು ಬೆರಳು ಮೇಲ್ದವಡೆ, ಹೆಬ್ಬೆರಳು ಕೆಳದವಡೆ. ಎಡಗೈಯಲ್ಲಿ ತೆಳುವಾದ ಕಡ್ಡಿಗಳು, ಅವುಗಳಿಂದ ಗೊಂಬೆಯ ಕೈ ಆಡುತ್ತದೆ. ಹಿಂದಿನವರು ಗೊಂಬೆಗೆ ಒಂದು ಪುಟ್ಟ ರಂಗಮಂಟಪ ಕಟ್ಟಿ ಅದರ ಹಿಂದೆ ಅಡಗಿ ಆಡಿಸುತ್ತಿದ್ದರು. ಹೆನ್ಸನ್ ಆ ಮಂಟಪವನ್ನೇ ತೆಗೆದುಹಾಕಿದರು. ಟೀವಿಯ ಚೌಕಟ್ಟೇ ರಂಗಸ್ಥಳ, ಕ್ಯಾಮೆರಾಕ್ಕೆ ಕಾಣದ ಜಾಗವೇ ಚೌಕಿ. ರಂಗಸಜ್ಜಿಕೆಯನ್ನೆಲ್ಲ ಆಳೆತ್ತರದ ಕಂಬಗಳ ಮೇಲೆ ನಿಲ್ಲಿಸಿ, ಕೆಳಗೆ ಕಲಾವಿದರು ಕೈ ಮೇಲೆತ್ತಿ ನಡೆಯುತ್ತಾರೆ. ತಾವು ಆಡಿಸುವುದನ್ನು ಎದುರಿನ ಪುಟ್ಟ ಟೀವಿಯಲ್ಲಿ ನೋಡುತ್ತಲೇ ಆಡಿಸುತ್ತಾರೆ. 1979ರ ‘ದಿ ಮಪೆಟ್ ಮೂವಿ’ಯಲ್ಲಿ ಕರ್ಮಿಟ್ ಜೌಗಿನ ನಡುವೆ ಮರದ ದಿಮ್ಮಿಯ ಮೇಲೆ ಕೂತು ಬ್ಯಾಂಜೋ ನುಡಿಸುತ್ತಾ ಹಾಡುತ್ತಾನೆ. ಆಗ ಹೆನ್ಸನ್ ನೀರಿನ ಅಡಿಯಲ್ಲಿ ಒಂದು ಲೋಹದ ಡಬ್ಬದೊಳಗೆ ಮುದುಡಿ ಕೂತು ಕೈಯನ್ನು ಮೇಲಕ್ಕೆ ಚಾಚಿದ್ದರು. ನೋಡುವವರಿಗೆ ಕಾಣುವುದು ಕಪ್ಪೆ, ನೀರು, ಬೆಳಕು ಅಷ್ಟೇ.

ಮುಖ್ಯವಾದ ಮಾತು ಇನ್ನೊಂದಿದೆ. ಮಪೆಟ್‌ಗಳಲ್ಲಿ ಆಡಿಸುವ ಕೈ ಯಾರದೋ ಮಾತಾಡುವ ದನಿಯೂ ಅವರದೇ. ಕರ್ಮಿಟ್ ಒಂದು ಕ್ಷಣ ತಡೆದು, ಮುಖ ಹಿಂಡಿ, ಆಮೇಲೆ ಮಾತು ಆರಂಭಿಸುತ್ತಾನೆ. ಆ ಹಿಂಡುವ ಮುಷ್ಟಿ ಮತ್ತು ಆ ದನಿ ಒಂದೇ ಮನಸ್ಸಿನಿಂದ ಬರುತ್ತಿದ್ದವು. ಮಿಸ್ ಪಿಗ್ಗಿ ಮತ್ತು ಫಾಜಿಯನ್ನು ಆಡಿಸಿದವರು ಫ್ರಾಂಕ್ ಆಜ್. ಹತ್ತೊಂಬತ್ತು ವರ್ಷದವರಿದ್ದಾಗ, 1963ರಲ್ಲಿ, ಹೆನ್ಸನ್ ಜೊತೆ ಸೇರಿದವರು. ಕರ್ಮಿಟ್–ಪಿಗ್ಗಿಯ ಜಗಳ, ಕರ್ಮಿಟ್–ಫಾಜಿಯ ಗೆಳೆತನ ಎಂದು ನಾವು ನೋಡಿದ್ದೆಲ್ಲ ಈ ಇಬ್ಬರು ಸ್ನೇಹಿತರು ಪಕ್ಕ ಪಕ್ಕ ನಿಂತು ಕೈ ಎತ್ತಿ ಆಡಿದ ಆಟ.

1990ರ ಮೇ 16ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಜಿಮ್ ಹೆನ್ಸನ್ ತೀರಿಕೊಂಡರು. ಬ್ಯಾಕ್ಟೀರಿಯಾ ಸೋಂಕು ಕೆಲವೇ ದಿನಗಳಲ್ಲಿ ಮೈಗೆಲ್ಲ ಏರಿತ್ತು. ಐವತ್ತಮೂರು ವರ್ಷ. ಮಗನಿಗಾಗ ಎರಡು ವರ್ಷ, ತೊಡೆಯ ಮೇಲೆ ಕೂರಿಸಿ ಉಣ್ಣಿಸುತ್ತಿದ್ದೆ. ಸುದ್ದಿಯಲ್ಲಿ ಹೆಸರು ಬಂತು. ತುತ್ತು ಕೈಯಲ್ಲೇ ಉಳಿಯಿತು. ಮುಖತಃ ನೋಡದ, ಪತ್ರ ಬರೆಯದ ಮನುಷ್ಯನಿಗಾಗಿ ಅತ್ತದ್ದು ಅದೊಂದೇ ಸಲ. ಐದು ದಿನದ ನಂತರ ಅಲ್ಲಿನ ಸೇಂಟ್ ಜಾನ್ ಕೆಥೆಡ್ರಲ್‌ನಲ್ಲಿ ಶ್ರದ್ಧಾಂಜಲಿ ನಡೆಯಿತು. ಯಾರೂ ಕಪ್ಪು ಉಡಬಾರದು ಎಂಬುದು ಅವರ ಆಸೆಯಾಗಿತ್ತು. ಬಂದವರ ಕೈಗೆ ಕಡ್ಡಿಗೆ ಕಟ್ಟಿದ ಬಣ್ಣದ ಚಿಟ್ಟೆಗಳನ್ನು ಕೊಟ್ಟರಂತೆ. ಮಕ್ಕಳ ಟೀವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ದೊಡ್ಡ ಹಳದಿ ಹಕ್ಕಿ ಒಂಟಿಯಾಗಿ ಬಂದು ಕರ್ಮಿಟ್‌ನ ಹಾಡು ಹಾಡಿತು.

ಕರ್ಮಿಟ್ ಉಳಿಯಬೇಕೇ, ಹೋಗಬೇಕೇ? ಉಳಿಯಲಿ ಎಂದು ಮನೆಯವರೂ ತಂಡದವರೂ ತೀರ್ಮಾನಿಸಿದರು. ತಂಡದಲ್ಲಿ 1978ರಿಂದ ಇದ್ದ ಸ್ಟೀವ್ ವಿಟ್‌ಮೈರ್ ಕೈಗೆ ಕಪ್ಪೆ ಬಂತು. ಆ ತೀರ್ಮಾನ ಸರಿ ಎಂದೇ ನಾನು ಅಂದೂ ಇಂದೂ ಹೇಳುವವಳು. ನಮ್ಮ ಕುಂದಾಪುರದ ಕಡೆಯ ಉಪ್ಪಿನಕುದ್ರುವಿನಲ್ಲಿ ನಾನು ಕಂಡದ್ದೂ ಅದೇ. ಕೊಗ್ಗ ಕಾಮತರ ಸೂತ್ರದ ಗೊಂಬೆಯಾಟಕ್ಕೆ ಚಿಕ್ಕವಳಿದ್ದಾಗ ಅಪ್ಪಯ್ಯ ಕರೆದುಕೊಂಡು ಹೋಗುತ್ತಿದ್ದರು. ಯಕ್ಷಗಾನದ ವೇಷ ತೊಟ್ಟ ಮೊಳದುದ್ದದ ಗೊಂಬೆಗಳು ಚೆಂಡೆಯ ಪೆಟ್ಟಿಗೆ ಕುಣಿಯುತ್ತಿದ್ದವು. ಕೊಗ್ಗ ಕಾಮತರಿಗೆ ಆ ಸೂತ್ರ ಬಂದದ್ದು ತಂದೆ ದೇವಣ್ಣ ಕಾಮತರಿಂದ, ಅವರ ನಂತರ ಹೋದದ್ದು ಮಗ ಭಾಸ್ಕರ ಕಾಮತರಿಗೆ. ಗೊಂಬೆಗೆ ವಯಸ್ಸಾಗುವುದಿಲ್ಲ, ಕೈಗೆ ಆಗುತ್ತದೆ. ಇದು ಗೊತ್ತಿದ್ದೂ ಹೊಸ ಕರ್ಮಿಟ್ ಮೊದಲ ಸಲ ಬಾಯಿ ತೆರೆದಾಗ ನಾನು ಟೀವಿಯ ಎದುರಿನಿಂದ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತಿದ್ದೆ. ದನಿ ಹೆಚ್ಚುಕಡಿಮೆ ಅದೇ. ಆ ಹೆಚ್ಚುಕಡಿಮೆಯನ್ನು ಕೇಳಿಸಿಕೊಳ್ಳಲು ಆಗಲಿಲ್ಲ.

1992ರಲ್ಲಿ ‘ಮಪೆಟ್ ಕ್ರಿಸ್‌ಮಸ್ ಕ್ಯಾರಲ್’ ಬಂತು. ಅಷ್ಟರಲ್ಲಿ ತಂಡದ ಇನ್ನೊಬ್ಬ ಹಿರಿಯ, ರಿಚರ್ಡ್ ಹಂಟ್ ಕೂಡ ಹೋಗಿದ್ದರು. ಚಿತ್ರವನ್ನು ಇಬ್ಬರಿಗೂ ಅರ್ಪಿಸಿದ್ದರು. ನಿರ್ದೇಶನ ಹೆನ್ಸನ್ ಅವರ ಮಗ ಬ್ರಯನ್ ಅವರದು. ಡಿಕನ್ಸ್‌ನ ಕಥೆಯೇ ಸಾವು, ನೆನಪು, ಪಶ್ಚಾತ್ತಾಪದ ಕಥೆಯಾದ್ದರಿಂದ ನಮ್ಮ ದುಃಖಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಅದಾದ ಮೇಲೆ ಬ್ರಯನ್ ಎರಡನೆಯ ಚಿತ್ರಕ್ಕೆ ಕೈ ಹಾಕಿದರು. ಈ ಸಲ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ 1883ರ ಕಾದಂಬರಿ ‘ಟ್ರೆಷರ್ ಐಲೆಂಡ್’. ನಾವು ಹೈಸ್ಕೂಲಿನಲ್ಲಿ ನಾನ್‌ಡೀಟೇಲಾಗಿ ಓದಿದ ಪುಸ್ತಕ. ಸಮುದ್ರದ ಊರಿನ ಮಕ್ಕಳಿಗೆ ಅದು ಎಷ್ಟು ಹಿಡಿಸಿತ್ತು ಎಂದರೆ, ದೋಣಿ ಕಂಡಲ್ಲೆಲ್ಲ ಕಡಲ್ಗಳ್ಳರ ಆಟ.

ಇಷ್ಟೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆ ಫೆಬ್ರವರಿಯಲ್ಲಿ ಚಿತ್ರಮಂದಿರದಲ್ಲಿ ಕೂತೆ.

ಆರಂಭ ಅದ್ಭುತ. ಸುತ್ತ ಕಾಡು. ಕ್ಯಾಪ್ಟನ್ ಫ್ಲಿಂಟ್ ತನ್ನವರಿಂದ ನಿಧಿ ಹೂಳಿಸಿ, ಹೂತವರನ್ನು ಅಲ್ಲೇ ಮುಗಿಸುತ್ತಾನೆ. ಹಾನ್ಸ್ ಜಿಮ್ಮರ್ ಅವರ ಸಂಗೀತ ಅಲೆಯ ಹಾಗೆ ಬಂದು ಅಪ್ಪಳಿಸುತ್ತದೆ. ಆಮೇಲೆ ಕಡಲತೀರದ ಒಂದು ಛತ್ರ, ಅಲ್ಲಿ ಪಾತ್ರೆ ತೊಳೆಯುವ ಅನಾಥ ಹುಡುಗ ಜಿಮ್ ಹಾಕಿನ್ಸ್. ಅವನ ಜೊತೆಗಾರರು ಗೊಂಜೊ ಮತ್ತು ರಿಜ್ಜೊ ಎಂಬ ಇಲಿ. ಕುಡುಕ ನಾವಿಕ ಬಿಲ್ಲಿ ಬೋನ್ಸ್ ಸಾಯುವಾಗ ನಕ್ಷೆ ಕೊಟ್ಟು ಹೋಗುತ್ತಾನೆ. ಕಥೆ ಓಡುತ್ತದೆ, ಜನ ನಗುತ್ತಾರೆ. ನನ್ನ ಮಗ ಮಾತ್ರ ಪಾಪ್‌ಕಾರ್ನ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದ: “ಅಮ್ಮಾ, ಕರ್ಮಿಟ್ ಯಾವಾಗ ಬರ್ತಾನೆ?”

ನನ್ನ ಪ್ರಶ್ನೆಯೂ ಅದೇ ಆಗಿತ್ತು. ಕರ್ಮಿಟ್ ಬರುವುದು ಹಡಗು ಹೊರಡುವ ಹೊತ್ತಿಗೆ. ಅವನಿಗೆ ಕ್ಯಾಪ್ಟನ್ ಸ್ಮಾಲೆಟ್‌ನ ಪಾತ್ರ. ಬರುವ ರೀತಿ ಚೆನ್ನಾಗಿದೆ. ಕ್ಯಾಪ್ಟನ್ ಜ್ವಾಲಾಮುಖಿ, ಮಹಾ ಕೋಪಿಷ್ಠ ಎಂದು ಎಲ್ಲರನ್ನೂ ಹೆದರಿಸಿ ಇಟ್ಟಿರುತ್ತಾರೆ, ಸಾರೋಟು ಗಡಗಡ ಎಂದು ಬಂದು ನಿಲ್ಲುತ್ತದೆ, ಬಾಗಿಲು ತೆರೆದರೆ ನಮ್ಮ ಸೌಮ್ಯ ಕಪ್ಪೆ. ಮಗ ಚಪ್ಪಾಳೆ ತಟ್ಟಿದ, ನಾನೂ ತಟ್ಟಿದೆ. ಆದರೆ ಮುಂದೆ ಅವನು ಮಾಡುವುದು ಕಡಿಮೆ. ಮೇಳದ ಯಜಮಾನ ಬೇರೆಯವರ ಆಟದಲ್ಲಿ ಒಂದು ವೇಷ ಕಟ್ಟಿ ಪಕ್ಕಕ್ಕೆ ನಿಂತ ಹಾಗೆ ಕಂಡಿತು.

ಏಕೆ ಹೀಗಾಯಿತು ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ನನಗೆ ತೋಚಿದ ಕಾರಣ ಇದು: ಕಥೆ, ಲಭ್ಯವಿದ್ದ ಕೈಗಳನ್ನು ಹಿಂಬಾಲಿಸಿದೆ. ಜಿಮ್ ಹೆನ್ಸನ್ ಇಲ್ಲ. ಹಂಟ್ ಇಲ್ಲ. ಫ್ರಾಂಕ್ ಆಜ್ ಅಷ್ಟರಲ್ಲಿ ಸ್ವತಃ ಚಿತ್ರನಿರ್ದೇಶಕರಾಗಿದ್ದರು, ಚಿತ್ರೀಕರಣಕ್ಕೆ ಬಿಡುವಿರಲಿಲ್ಲ. ದಿನವೂ ಸೆಟ್ಟಿನಲ್ಲಿ ಇದ್ದ ಹಳಬರಲ್ಲಿ ಮುಖ್ಯರು ಗೊಂಜೊನನ್ನು ಆಡಿಸುವ ಡೇವ್ ಗೋಲ್ಜ್ ಮತ್ತು ಆಗ ರಿಜ್ಜೊನನ್ನೂ ಆಡಿಸುತ್ತಿದ್ದ ವಿಟ್‌ಮೈರ್. ಅವರಿಬ್ಬರಲ್ಲಿ ಒಳ್ಳೆಯ ಹೊಂದಾಣಿಕೆ ಇತ್ತು, ಹಿಂದಿನ ಚಿತ್ರದಲ್ಲೇ ಅದು ಕುದುರಿತ್ತು. ಆದ್ದರಿಂದ ಉದ್ದ ಮೂಗಿನವನೂ ಇಲಿಯೂ ನಡುಮನೆಗೆ ಬಂದರು, ಕಪ್ಪೆ ಜಗಲಿಗೆ ಸರಿದ. ಇದರಲ್ಲಿ ಯಾರ ತಪ್ಪೂ ಇಲ್ಲ. ಮನೆಯಲ್ಲಿ ದೊಡ್ಡವರೊಬ್ಬರು ಹೋದರೆ ಉಳಿದವರು ಕೂರುವ ಜಾಗ ತಾನಾಗಿ ಬದಲಾಗುತ್ತದಲ್ಲ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು, ತಿಳಿದ ಮೇಲೆ ಚಿತ್ರವನ್ನು ಮೊದಲಿನಂತೆ ನೋಡಲು ಸಾಧ್ಯವಾಗಿಲ್ಲ. ಪಿಗ್ಗಿಯನ್ನೂ ಫಾಜಿಯನ್ನೂ ಸೆಟ್ಟಿನಲ್ಲಿ ಆಡಿಸಿದವರು ಕೆವಿನ್ ಕ್ಲ್ಯಾಶ್. ಆಜ್ ನಂತರ ಬಂದು ದನಿ ಸೇರಿಸಿದರು. ಕ್ಲ್ಯಾಶ್ ಸಾಮಾನ್ಯರಲ್ಲ, ಸೆಸಮಿ ಸ್ಟ್ರೀಟಿನ ಎಲ್ಮೋವನ್ನು ಮಕ್ಕಳ ಕಣ್ಮಣಿ ಮಾಡಿದವರು. ಆದರೂ ಕೈ ಒಬ್ಬರದು, ದನಿ ಇನ್ನೊಬ್ಬರದು. ಚಿತ್ರದ ಕೊನೆಯ ಭಾಗದಲ್ಲಿ ಕಡಲ್ಗಳ್ಳರು ಕರ್ಮಿಟ್ ಮತ್ತು ಪಿಗ್ಗಿಯನ್ನು ಕಡಿದಾದ ಬಂಡೆಯಿಂದ ತಲೆಕೆಳಗಾಗಿ ನೇತುಹಾಕುತ್ತಾರೆ. ಕೆಳಗೆ ಸಮುದ್ರ. ಅಲ್ಲಿ ಇಬ್ಬರೂ ಹಳೆಯ ಮುನಿಸು ಮರೆತು ಪ್ರೇಮಗೀತೆ ಹಾಡುತ್ತಾರೆ. ಬ್ಯಾರಿ ಮ್ಯಾನ್ ಮತ್ತು ಸಿಂಥಿಯಾ ವೈಲ್ ದಂಪತಿ ಕಟ್ಟಿದ ಸುಂದರ ಹಾಡು. 1976ರಿಂದ ಹದಿನಾಲ್ಕು ವರ್ಷ ಈ ಜೋಡಿ ಹಾಡಿದಾಗಲೆಲ್ಲ ಜಿಮ್ ಮತ್ತು ಫ್ರಾಂಕ್ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಿದ್ದರು. ಇಲ್ಲಿ ಕಪ್ಪೆಗೆ ಹೊಸ ಕೈ, ಹೊಸ ದನಿ. ಪಿಗ್ಗಿಗೆ ಬದಲಿ ಕೈ, ಆಮೇಲೆ ಬಂದು ಸೇರಿದ ಹಳೆಯ ದನಿ. ಆ ಹಾಡು ಕೇಳಿದಾಗ ಈಗಲೂ ನನ್ನ ಕಣ್ಣು ತುಂಬುತ್ತದೆ. ಕಣ್ಣು ತುಂಬಿಸುವುದು ಹಾಡೋ, ಹಾಡಿನ ಹಿಂದಿನ ಖಾಲಿ ಜಾಗವೋ ಹೇಳಲಾರೆ.

ಹಾಗೆಂದು ಈ ಚಿತ್ರವನ್ನು ಯಾರಾದರೂ ಹಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಏಕೆಂದರೆ ಇದರಲ್ಲಿ ಟಿಮ್ ಕರಿ ಇದ್ದಾರೆ. ಒಂದು ಕಾಲಿನ, ಊರುಗೋಲಿನ, ಜೇನಿನಂಥ ಮಾತಿನ ಲಾಂಗ್ ಜಾನ್ ಸಿಲ್ವರ್. ಗೊಂಬೆಗಳ ಜೊತೆ ನಟಿಸುವುದು ಕಷ್ಟದ ಕೆಲಸ. ಕೆಳಗೆ ಆಡಿಸುವವರು ಕೂತಿರುತ್ತಾರೆ, ಕಣ್ಣು ಅವರ ಕಡೆ ಹೋಗಬಾರದು, ಬಟ್ಟೆಯ ಮುಖದ ಮೇಲೆ ನಿಲ್ಲಬೇಕು. ಕ್ರಿಸ್‌ಮಸ್ ಚಿತ್ರದಲ್ಲಿ ಮೈಕೆಲ್ ಕೇನ್ ಗೊಂಬೆಗಳನ್ನು ಮನುಷ್ಯರೆಂದೇ ತಿಳಿದು ಗಂಭೀರವಾಗಿ ನಟಿಸಿದ್ದರು. ಕರಿ ಬೇರೆ ದಾರಿ ಹಿಡಿದರು, ತಮ್ಮನ್ನೇ ಗೊಂಬೆಯ ಅಳತೆಗೆ ಹಿಗ್ಗಿಸಿಕೊಂಡರು. ಹುಬ್ಬು, ಹಲ್ಲು, ನಗು, ಎಲ್ಲವೂ ದೊಡ್ಡದು, ಬಣ್ಣದ ವೇಷದ ಹಾಗೆ. ಭುಜದ ಮೇಲೆ ಗಿಳಿಯ ಬದಲು ಒಂದು ಮಾತಾಡುವ ಕಡಲೇಡಿ. ಪಕ್ಕದಲ್ಲಿ ನಿಂತ ಆಡು, ಹಂದಿ, ಇಲಿ ಯಾವುದೂ ಅವರ ಎದುರು ಬರೀ ಬಟ್ಟೆ ಅನ್ನಿಸುವುದಿಲ್ಲ.

ಗಾಳಿ ನಿಂತು ಹಡಗು ಕದಲದೆ ಕೂತಾಗ ಎಲ್ಲರಿಗೂ ತಲೆ ಕೆಟ್ಟು ಕುಣಿಯುವ ಒಂದು ಹಾಡಿದೆ. ಡೆಕ್ಕಿನ ತುಂಬಾ ಗೊಂಬೆಗಳು, ಒಂದೊಂದಕ್ಕೂ ಒಂದೊಂದು ಹುಚ್ಚು. ಗಾಳಿ ಬೀಸಿದ ಕೂಡಲೇ ಏನೂ ಆಗಿಲ್ಲ ಎಂಬಂತೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ. ಹಳೆಯ ಮಪೆಟ್ ಶೋದ ಜೀವ ಅಲ್ಲಿ ಮೂರು ನಾಲ್ಕು ನಿಮಿಷ ಪೂರ್ತಿಯಾಗಿ ಮರಳಿ ಬರುತ್ತದೆ. ನನ್ನ ಮಗ ಸೀಟಿನ ಮೇಲೆ ಹತ್ತಿ ನಿಂತಿದ್ದ, ಕೂರಿಸಲು ನನಗೂ ಮನಸ್ಸಾಗಲಿಲ್ಲ.

ಹಡಗು ದ್ವೀಪ ಮುಟ್ಟಿದ ಮೇಲೆ ಒಂದು ಭಾಗ ನನಗೆ ಹಿಡಿಸುವುದಿಲ್ಲ. ದ್ವೀಪದ ನಿವಾಸಿಗಳು ಕಾಡುಹಂದಿಗಳು. ಎಲುಬು, ಗರಿ, ತಮಟೆ, ಅರ್ಥವಿಲ್ಲದ ಕೂಗಿನ ಹಾಡು, ಅವರಿಗೆ ರಾಣಿಯಾಗಿ ಮಿಸ್ ಪಿಗ್ಗಿ. ಬಿಳಿಯರು ಹಿಂದೆ ಬೇರೆ ನಾಡಿನ ಜನರನ್ನು ಹೀಗೆಯೇ ಚಿತ್ರಿಸುತ್ತಿದ್ದರು. ಗೊಂಬೆಗೆ ತೊಡಿಸಿದ ಮಾತ್ರಕ್ಕೆ ಆ ಹಳೆಯ ವೇಷ ಹೊಸದಾಗುವುದಿಲ್ಲ. ಅಮೆರಿಕದ ಶಾಲೆಯಲ್ಲಿ ನನ್ನ ಮಗನನ್ನು ‘ನಿಮ್ಮೂರಲ್ಲಿ ಎಲ್ಲರೂ ಕಾಡಿನಲ್ಲಿ ಇರುತ್ತೀರಾ’ ಎಂದು ಕೇಳಿದ ಹುಡುಗರಿದ್ದರು. ಎಲ್ಲರನ್ನೂ, ವಿಚಿತ್ರ ಮೂಗಿನವನನ್ನೂ, ಒಳಗೆ ಕರೆದು ಕೂರಿಸುವುದೇ ಹೆನ್ಸನ್ ಕಟ್ಟಿದ ಮನೆಯ ರೀತಿಯಾಗಿತ್ತು. ಆ ಮನೆಯಲ್ಲಿ ಈ ಹಾಡು ಇರಬಾರದಿತ್ತು.

ಇನ್ನು ಜಿಮ್ ಎಂಬ ಹುಡುಗ. ಆ ಪಾತ್ರ ಮಾಡಿದ ಕೆವಿನ್ ಬಿಷಪ್ ಆಗಿನ್ನೂ ಎಳೆಯ, ದನಿ ಒಡೆದಿರಲಿಲ್ಲ. ತಂದೆ ಬಿಟ್ಟುಹೋದ ದಿಕ್ಸೂಚಿಯೊಂದೇ ಅವನ ಆಸ್ತಿ. ಹಡಗಿನಲ್ಲಿ ಸಿಲ್ವರ್ ಅವನಿಗೆ ಅಪ್ಪನ ಹಾಗಾಗುತ್ತಾನೆ, ಮೋಸವನ್ನೂ ಮಾಡುತ್ತಾನೆ. ಕೊನೆಗೆ ತಪ್ಪಿಸಿಕೊಂಡು ಹೋಗುವ ಸಿಲ್ವರ್ ಎದುರು ಹುಡುಗ ನಿಂತಾಗ, ಕಳ್ಳನಿಗೆ ಹುಡುಗನ ಮೇಲೆ ಗುಂಡು ಹಾರಿಸಲು ಆಗುವುದಿಲ್ಲ. ಹುಡುಗ ಅವನನ್ನು ಹೋಗಲು ಬಿಡುತ್ತಾನೆ. ಜಿಮ್ ಎಂಬ ಹೆಸರನ್ನು ಸ್ಟೀವನ್‌ಸನ್ ಕೊಟ್ಟದ್ದು, ಬ್ರಯನ್ ಹೆನ್ಸನ್ ಆರಿಸಿದ್ದಲ್ಲ. ಆದರೂ ಇಪ್ಪತ್ತಾರನೆಯ ವಯಸ್ಸಿನಲ್ಲಿ ಜಿಮ್ ಎಂಬ ತಂದೆಯನ್ನು ಕಳೆದುಕೊಂಡ ಮಗ, ತಂದೆಯಿಲ್ಲದ ಜಿಮ್ ಎಂಬ ಹುಡುಗನ ಕಥೆಯನ್ನು ತಂದೆಯ ಗೊಂಬೆಗಳ ಜೊತೆ ತೆಗೆದದ್ದು ನನ್ನ ಎದೆಯನ್ನು ಹಿಡಿದು ನಿಲ್ಲಿಸುತ್ತದೆ. ಚಿತ್ರದಲ್ಲಿ ಎಲ್ಲಕ್ಕಿಂತ ನಿಜವಾದ ದೃಶ್ಯ ಅದು. ಅಲ್ಲಿ ಇರುವವರು ಇಬ್ಬರು ಮನುಷ್ಯರು, ಗೊಂಬೆ ಇಲ್ಲ. ನನ್ನ ಸಂತೋಷವೂ ಸಂಕಟವೂ ಅಲ್ಲೇ ಕೂಡುತ್ತವೆ. ಗೊಂಬೆ ಚಿತ್ರದ ಹೃದಯ ಗೊಂಬೆಯ ಕೈಯಲ್ಲಿ ಇರಬೇಕಿತ್ತು.

ಚಿತ್ರ ಅಮೆರಿಕದಲ್ಲಿ ಸುಮಾರು 3.4 ಕೋಟಿ ಡಾಲರ್ ಗಳಿಸಿತು. ಹದಿನೇಳು ವರ್ಷದ ಹಿಂದಿನ ಮೊದಲ ಚಿತ್ರ ಅದರ ಸುಮಾರು ಎರಡರಷ್ಟು ಗಳಿಸಿತ್ತು. 2004ರಲ್ಲಿ ಮಪೆಟ್‌ಗಳನ್ನು ಡಿಸ್ನಿ ಸಂಸ್ಥೆ ಕೊಂಡಿತು. 2017ರಿಂದ ಕರ್ಮಿಟ್‌ಗೆ ಮೂರನೆಯ ಕೈ ಬಂದಿದೆ, ಮ್ಯಾಟ್ ವೋಗಲ್ ಅವರದು.

ಕಳೆದ ಬೇಸಿಗೆಯಲ್ಲಿ ಮಗ ಸಂಸಾರ ಸಮೇತ ಊರಿಗೆ ಬಂದಿದ್ದ. ಮಳೆ ಹಿಡಿದ ಒಂದು ಮಧ್ಯಾಹ್ನ ಆರು ವರ್ಷದ ಮೊಮ್ಮಗಳ ಜೊತೆ ಚಿತ್ರವನ್ನು ಮತ್ತೆ ನೋಡಿದೆವು. ಸಾರೋಟು ಬಂದು ನಿಂತಿತು, ಕಪ್ಪೆ ಇಳಿದ, ಮಾತಾಡಿದ. ಮಗು ನನ್ನ ಕಡೆ ತಿರುಗಿ ಕೇಳಿತು: “ಅಜ್ಜಿ, ಕರ್ಮಿಟ್ ದನಿ ಯಾಕೆ ಬೇರೆ ಥರ ಇದೆ?” ಅವಳಿಗೆ ಗೊತ್ತಿರುವುದು ಮೂರನೆಯ ದನಿ. ನಾನು ಇಷ್ಟು ವರ್ಷ ಒಪ್ಪಿಕೊಳ್ಳಲು ಹೆಣಗಿದ ಎರಡನೆಯ ದನಿ ಅವಳಿಗೆ ಹಳೆಯದು. ಮಗ ಪಕ್ಕದಲ್ಲೇ ಕೂತಿದ್ದ. ಅವನೇ ಹೇಳಿದ: “ನಾನು ಚಿಕ್ಕವನಿದ್ದಾಗ ಕರ್ಮಿಟ್ ಹೀಗೇ ಮಾತಾಡ್ತಿದ್ದ ಪುಟ್ಟಿ. ಇದೇ ನನ್ನ ಕರ್ಮಿಟ್.” ಅವನು ಹಾಗೆ ಹೇಳಿದ್ದನ್ನು ಮೊದಲ ಸಲ ಕೇಳಿದೆ. ಎರಡು ವರ್ಷದವನಿದ್ದಾಗ ಹೋದವರ ದನಿ ಅವನಿಗೆ ಹೇಗೆ ನೆನಪಿರಬೇಕು? ನನ್ನ ಪಾಲಿಗೆ ಬದಲಿ ಆಗಿದ್ದವರು ಅವನ ಪಾಲಿಗೆ ಮೂಲ. ಆ ದಿನ ವಿಟ್‌ಮೈರ್ ಅವರ ಕಪ್ಪೆಯನ್ನು ನಾನು ಬೇರೆ ಕಿವಿಯಿಂದ ಕೇಳಿದೆ. ಒಳ್ಳೆಯ ದನಿ ಅದು. ಸ್ವಲ್ಪ ತೆಳು, ಸ್ವಲ್ಪ ಹಿಂಜರಿಕೆ, ತುಂಬಾ ಮಮತೆ.

ನಿಮ್ಮ ಮನೆಯ ಮಕ್ಕಳಿಗೆ ಈ ಚಿತ್ರ ತೋರಿಸುವುದಾದರೆ ನನ್ನದೊಂದು ಕೋರಿಕೆ ಇದೆ. ಮೊದಲು 1979ರ ‘ಮಪೆಟ್ ಮೂವಿ’ ತೋರಿಸಿ, ಜೌಗಿನಲ್ಲಿ ಕೂತು ಹಾಡುವ ಆ ಕಪ್ಪೆಯ ಪರಿಚಯ ಮಾಡಿಕೊಡಿ. ಆಮೇಲೆ ಇದನ್ನು ಹಾಕಿ. ಕಾಡುಹಂದಿಗಳ ಹಾಡು ಬಂದಾಗ ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತು ಅದರಲ್ಲಿ ತಪ್ಪೇನಿದೆ ಎಂದು ಎರಡು ಮಾತು ತಿಳಿಸಿ. ಬಂಡೆಯಿಂದ ನೇತಾಡುತ್ತಾ ಕಪ್ಪೆ ಹಾಡುವಾಗ ಮಾತ್ರ ಏನೂ ಹೇಳಬೇಡಿ, ಅವರಷ್ಟಕ್ಕೆ ಕೇಳಲಿ.